ಐಸಿಯುನಲ್ಲಿ ಹೊಸ ಸೋಂಕು: ಮೊದಲ ಡೋಸ್ ತಡವಾಗದಂತೆ ನೋಡಿಕೊಳ್ಳುವುದು ಹೇಗೆ?

ರಾತ್ರಿ 2 ಗಂಟೆ 10 ನಿಮಿಷಕ್ಕೆ ಕೇಸ್ ಶೀಟಿನಲ್ಲಿ ಮೆರೊಪೆನೆಮ್ ಅನ್ನುವ ಆಂಟಿಬಯೋಟಿಕ್ ಬರೆದೆ. ಬರೆದು ಪಕ್ಕದ ಬೆಡ್ಡಿಗೆ ಹೋದೆ. ಅಲ್ಲಿ ಇನ್ನೊಬ್ಬರಿಗೆ ಉಸಿರಾಟದ ತೊಂದರೆ. ವಾಪಸ್ ಬಂದಾಗ 5.45. ಔಷಧಿ ಆಗಷ್ಟೇ ರೋಗಿಯ ಮೈಗೆ ಇಳಿಯಲು ಶುರುವಾಗಿತ್ತು. ಯಾರೂ ಸೋಮಾರಿತನ ಮಾಡಿರಲಿಲ್ಲ. ವಾರ್ಡಿನಲ್ಲಿ ಸ್ಟಾಕ್ ಇರಲಿಲ್ಲ. ಇಂಡೆಂಟ್ (ಔಷಧಿ ಬೇಡಿಕೆ ಚೀಟಿ) ಹೋಯಿತು, ಫಾರ್ಮಸಿಯವರು ದೊಡ್ಡ ಡಾಕ್ಟರ ಸಹಿ ಕೇಳಿದರು, ಅಷ್ಟರಲ್ಲಿ ರಕ್ತನಾಳಕ್ಕೆ ಹಾಕಿದ್ದ ಒಂದೇ ಲೈನಿನಲ್ಲಿ ಬೇರೆ ಔಷಧಿ ಹೋಗುತ್ತಿತ್ತು. ಹೀಗೆ ಮೂರೂವರೆ ಗಂಟೆ ಸೋರಿಹೋಯಿತು. ಯಾವ ಆಂಟಿಬಯೋಟಿಕ್ ಅಂತ ಯೋಚಿಸಲು ನನಗೆ ಬೇಕಾಗಿದ್ದು ಐದು ನಿಮಿಷ ಮಾತ್ರ.

ಆವತ್ತಿನಿಂದ ನಾನು ಔಷಧಿ ಬರೆದ ಹೊತ್ತನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಔಷಧಿ ರಕ್ತಕ್ಕೆ ಸೇರಿದ ಹೊತ್ತು ಮಾತ್ರ ಲೆಕ್ಕ. ಐಸಿಯುನಲ್ಲಿ ಹೊಸದಾಗಿ ಡ್ಯೂಟಿ ಶುರು ಮಾಡಿದ ಡಾಕ್ಟರು ಮತ್ತು ಸಿಸ್ಟರ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿರುವ ಡೋಸ್‌ಗಳೆಲ್ಲ ದೊಡ್ಡವರಿಗೆ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಮೊದಲು ಒಂದು ಲೆಕ್ಕ ತಿಳಿದಿರಲಿ. ದಾಖಲಾಗಿ 48 ಗಂಟೆ ಕಳೆದ ಮೇಲೆ ಶುರುವಾದ ಸೋಂಕನ್ನು ಆಸ್ಪತ್ರೆಯಲ್ಲಿ ತಗುಲಿದ ಸೋಂಕು ಅನ್ನುತ್ತೇವೆ. ಬಾಯಿಯಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ 48 ಗಂಟೆಯಾದ ಮೇಲೆ ನ್ಯುಮೋನಿಯಾ ಬಂದರೆ ಅದು ವೆಂಟಿಲೇಟರ್ ನ್ಯುಮೋನಿಯಾ, ಅಂದರೆ ವಿಎಪಿ. ಇದೇನು ಬರೀ ಹೆಸರಿಡುವ ಕೆಲಸವಲ್ಲ. ಮನೆಯಿಂದ ಬಂದ ಸೋಂಕಿನ ರೋಗಾಣು ಬೇರೆ, ಐಸಿಯುನಲ್ಲಿ ಹತ್ತಿಕೊಂಡ ರೋಗಾಣು ಬೇರೆ. ಮೊದಲನೆಯದಕ್ಕೆ ಸಾಕಾಗುವ ಔಷಧಿ ಎರಡನೆಯದಕ್ಕೆ ನೀರು ಕೊಟ್ಟ ಹಾಗೆ.

ಹಂತ 1: ಮಾನಿಟರ್ ಬಿಟ್ಟು ರೋಗಿಯ ಹತ್ತಿರ ಹೋಗಿ

ಜ್ವರ ಬರಲಿ ಅಂತ ಕಾಯಬೇಡಿ. ಡಯಾಲಿಸಿಸ್ ಯಂತ್ರದಲ್ಲಿ ಹಗಲು ರಾತ್ರಿ ರಕ್ತ ಸುತ್ತುತ್ತಿದ್ದರೆ ಅದೇ ಮೈಯನ್ನು ತಂಪು ಮಾಡಿಬಿಡುತ್ತದೆ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ, ವಯಸ್ಸಾದವರಲ್ಲಿ ಜ್ವರ ಬಾರದೆಯೂ ಇರಬಹುದು. ಕೆಲವರ ಮೈ ಉಲ್ಟಾ ತಣ್ಣಗಾಗುತ್ತದೆ. ನಾನು ನೋಡುವುದು ಇವನ್ನು: ನಿನ್ನೆ ಸಂಜೆಗಿಂತ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಜಾಸ್ತಿ ಬೇಕಾಗಿದೆಯಾ? ಆಕ್ಸಿಜನ್ ಏರಿಸಬೇಕಾಗಿ ಬಂತಾ? ಮೂತ್ರ ಗಂಟೆಗೆ ಕೆಜಿಗೆ 0.5 ಎಂಎಲ್‌ಗಿಂತ ಕೆಳಗಿಳಿಯಿತಾ? ಹಿಡಿತದಲ್ಲಿದ್ದ ಶುಗರ್ ಏರಿತಾ, ಪ್ಲೇಟ್‌ಲೆಟ್ ಇಳಿಯಿತಾ, ಟ್ಯೂಬಿನಲ್ಲಿ ಕೊಟ್ಟ ಆಹಾರ ಹೊಟ್ಟೆಯಲ್ಲೇ ನಿಂತಿತಾ? ಮಾತಾಡುತ್ತಿದ್ದವರು ಏನೇನೋ ಬಡಬಡಿಸಲು ಶುರು ಮಾಡಿದರಾ?

ಇದೆಲ್ಲಕ್ಕಿಂತ ಮೊದಲು ಸುಳಿವು ಸಿಗುವುದು ಸಿಸ್ಟರ್ ಬಾಯಲ್ಲಿ. 'ಯಾಕೋ ಇವತ್ತು ಇವರು ಸರಿಯಿಲ್ಲ ಡಾಕ್ಟ್ರೇ' ಅಂದರೆ ಎದ್ದು ಹೋಗಿ. ಎಂಟು ಗಂಟೆ ಒಂದೇ ರೋಗಿಯನ್ನು ನೋಡುತ್ತಿರುವವರು ಅವರು, ನಾವಲ್ಲ.

ಹೋದ ಮೇಲೆ ತಲೆಯಿಂದ ಕಾಲಿನವರೆಗೆ ನೋಡಿ. ಟ್ಯೂಬಿನಿಂದ ಬರುವ ಕಫದ ಬಣ್ಣ, ಪ್ರಮಾಣ. ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಚುಚ್ಚಿದ ಜಾಗ. ಕೈಯಲ್ಲಿರುವ ಹಳೇ ಕ್ಯಾನುಲಾ ಕೆಂಪಾಗಿದೆಯಾ? ಆಪರೇಷನ್ ಗಾಯದ ಬ್ಯಾಂಡೇಜ್ ಬಿಚ್ಚಿಯೇ ನೋಡಬೇಕು, ಮೇಲಿಂದ ಮುಟ್ಟಿ ಬರುವುದಲ್ಲ. ಹೊಟ್ಟೆ ಗಟ್ಟಿಯಾಗಿದೆಯಾ, ಭೇದಿ ಶುರುವಾಗಿದೆಯಾ ನೋಡಿ. ಕೊನೆಗೆ ರೋಗಿಯನ್ನು ಮಗ್ಗುಲಾಗಿಸಿ ಬೆನ್ನು ನೋಡಿ. ಮಲಗಿ ಮಲಗಿ ಆದ ಹುಣ್ಣು ಅಲ್ಲಿ ಬಚ್ಚಿಟ್ಟುಕೊಂಡಿರುತ್ತದೆ.

ಸೋಂಕಲ್ಲದ ಜ್ವರವೂ ಇದೆ ಅನ್ನುವುದು ನೆನಪಿರಲಿ. ದೊಡ್ಡ ಆಪರೇಷನ್ ಆದ ಮೊದಲ ಎರಡು ದಿನ, ರಕ್ತ ಕೊಟ್ಟ ಮೇಲೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ, ಮಿದುಳಿನಲ್ಲಿ ರಕ್ತಸ್ರಾವವಾದಾಗ, ಕುಡಿತ ತಟ್ಟನೆ ನಿಂತಾಗ ಜ್ವರ ಬರಬಹುದು. ಆಂಟಿಬಯೋಟಿಕ್‌ನಿಂದಲೇ ಜ್ವರ ಬರುವುದೂ ಉಂಟು.

ಹಂತ 2: ಒಂದು ಗಂಟೆಯಾ, ಮೂರು ಗಂಟೆಯಾ?

ಇಲ್ಲಿ ಎರಡು ದಾರಿ. ಬಿಪಿ ಬಿದ್ದಿದೆ, ಸರಾಸರಿ ಒತ್ತಡವನ್ನು 65ರ ಮೇಲಿಡಲು ಔಷಧಿ ಬೇಕಾಗಿದೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಅಂಶ) 2ಕ್ಕಿಂತ ಜಾಸ್ತಿಯಿದೆ, ಅಂದರೆ ಶಾಕ್. ಸೋಂಕು ಇರಬಹುದು ಅಂತ ಬರೀ ಅನುಮಾನವಿದ್ದರೂ ಸಾಕು, ಗುರುತಿಸಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಔಷಧಿ ಒಳಗಿರಬೇಕು. ಶಾಕ್ ಇಲ್ಲದಿದ್ದರೂ ಇದು ಸೆಪ್ಸಿಸ್ಸೇ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ಅಂತ ಹೆಚ್ಚುಕಡಿಮೆ ಖಾತ್ರಿಯಿದ್ದರೆ ಅದಕ್ಕೂ ಇದೇ ಒಂದು ಗಂಟೆ. ಶಾಕ್ ಇಲ್ಲ, ಅನುಮಾನವಷ್ಟೇ ಇದೆ ಅಂದರೆ ಬೇಗ ಬೇಗ ಪರೀಕ್ಷೆ ಮಾಡಿ. ಆಮೇಲೂ ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಡಿ. ಸೋಂಕಿನ ಸಾಧ್ಯತೆ ತೀರಾ ಕಡಿಮೆ ಅನ್ನಿಸಿದರೆ ಕೊಡದೆ ಕಣ್ಣಿಟ್ಟು ಕಾಯಿರಿ. 2021ರ ಸರ್ವೈವಿಂಗ್ ಸೆಪ್ಸಿಸ್ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ.

ಒಂದು ಗಂಟೆ ಅನ್ನುವುದು ಎಲ್ಲಿಂದ ಬಂತು? 2006ರಲ್ಲಿ ಕೆನಡಾ ಮತ್ತು ಅಮೆರಿಕದ ಐಸಿಯುಗಳ ದಾಖಲೆ ತೆಗೆದು ನೋಡಿದರು. ಬಿಪಿ ಬಿದ್ದ ಮೊದಲ ಗಂಟೆಯಲ್ಲೇ ಸರಿಯಾದ ಔಷಧಿ ಸಿಕ್ಕವರಲ್ಲಿ ಸುಮಾರು 80% ಜನ ಬದುಕಿದ್ದರು. ಮುಂದಿನ ಆರು ಗಂಟೆಗಳಲ್ಲಿ ಒಂದೊಂದು ಗಂಟೆ ತಡವಾದ ಹಾಗೂ ಬದುಕುವವರ ಪ್ರಮಾಣ ಸರಾಸರಿ 7.6% ಇಳಿಯುತ್ತಾ ಹೋಗಿತ್ತು. ಗಮನಿಸಿ, ಇದು ಶಾಕ್‌ನಲ್ಲಿದ್ದವರ ಲೆಕ್ಕ. ಇನ್ನು 2012ರಲ್ಲಿ ಅಮೆರಿಕದ ಒಂದು ಸರ್ಜರಿ ಐಸಿಯು ಒಂದು ವರ್ಷ ಅನುಮಾನ ಬಂದ ಕೂಡಲೇ ಔಷಧಿ ಕೊಟ್ಟು, ಮರುವರ್ಷ ಬಿಪಿ ಸರಿಯಿದ್ದವರಲ್ಲಿ ಪುರಾವೆ ಸಿಗುವ ತನಕ ಕಾದು, ಎರಡನ್ನೂ ಹೋಲಿಸಿ ವರದಿ ಮಾಡಿತು. ಅವಸರ ಮಾಡಿದ ವರ್ಷ 27%, ಕಾದ ವರ್ಷ 13% ಸಾವು. ಚಿಕ್ಕ ಅಧ್ಯಯನ, ವರ್ಷ ವರ್ಷದ ಹೋಲಿಕೆ, ನಿಜ. ಆದರೂ ಬಿಪಿ ಸರಿಯಿರುವ ರೋಗಿಗೆ ಒಂದು ಎಕ್ಸ್‌ರೇ ನೋಡುವಷ್ಟು ಸಮಯ ಇದೆ ಅನ್ನಲು ಇಷ್ಟು ಸಾಕು. ಸುಮ್ನೆ ಭಯಕ್ಕೆ ಬರೆಯುವ ಔಷಧಿಯೇ ಐಸಿಯುನಲ್ಲಿ ಜಾಸ್ತಿ. 2017ರಲ್ಲಿ ಒಂದೇ ದಿನ 88 ದೇಶಗಳ ಐಸಿಯುಗಳಲ್ಲಿ ಲೆಕ್ಕ ಹಾಕಿದಾಗ 54% ರೋಗಿಗಳಿಗೆ ಸೋಂಕು ಇತ್ತು ಅಥವಾ ಇರುವ ಅನುಮಾನವಿತ್ತು. ಆಂಟಿಬಯೋಟಿಕ್ ಹೋಗುತ್ತಿದ್ದದ್ದು 70% ಜನರಿಗೆ.

ಹಂತ 3: ಔಷಧಿಗೆ ಮುಂಚೆ ಕಲ್ಚರ್, ಆದರೆ ಕಲ್ಚರ್‌ಗಾಗಿ ಔಷಧಿ ನಿಲ್ಲಬಾರದು

ಕಲ್ಚರ್ ಅಂದರೆ ರಕ್ತ, ಮೂತ್ರ, ಕಫದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಔಷಧಿ ಒಂದು ಸಲ ಒಳಗೆ ಹೋದರೆ ರಕ್ತದಲ್ಲಿ ರೋಗಾಣು ಸಿಗುವುದು ಕಷ್ಟ. ಹಾಗಾಗಿ ರಕ್ತ ಮೊದಲು. ಆದರೆ 45 ನಿಮಿಷ ಪ್ರಯತ್ನಿಸಿದರೂ ಆಗದಿದ್ದರೆ ಬಿಡಿ, ಔಷಧಿ ಶುರು ಮಾಡಿ.

ರಕ್ತ ಎರಡು ಸೆಟ್ (ಒಂದು ಸೆಟ್ ಅಂದರೆ ಎರಡು ಬಾಟಲಿ) ತೆಗೆಯಿರಿ. ಒಂದೊಂದು ಬಾಟಲಿಗೆ 8ರಿಂದ 10 ಎಂಎಲ್. ಕಲ್ಚರ್ ನೆಗೆಟಿವ್ ಬರಲು ದೊಡ್ಡ ಕಾರಣ ರಕ್ತ ಸಾಲದೇ ಇರುವುದು. 3 ಎಂಎಲ್ ಹಾಕಿ ಕಳಿಸಿ ಆಮೇಲೆ ಲ್ಯಾಬನ್ನು ಬೈದರೆ ಪ್ರಯೋಜನವಿಲ್ಲ. ಸೆಂಟ್ರಲ್ ಲೈನ್ ಮೇಲೆ ಅನುಮಾನವಿದ್ದರೆ ಒಂದು ಸೆಟ್ ಲೈನಿನಿಂದ, ಇನ್ನೊಂದು ಕೈಯ ನರದಿಂದ, ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ. ಲೈನಿನ ಬಾಟಲಿ ಕೈಯದಕ್ಕಿಂತ ಎರಡು ಗಂಟೆ ಅಥವಾ ಇನ್ನೂ ಹೆಚ್ಚು ಮೊದಲೇ ಪಾಸಿಟಿವ್ ಆದರೆ ತಪ್ಪು ಲೈನಿನದೇ. ಇದಕ್ಕೆ ಬಾಟಲಿ ಮೇಲೆ ಯಾವುದು ಎಲ್ಲಿಂದ ಅಂತ ಬರೆದಿರಬೇಕು, ಅಲ್ವಾ? ಅದನ್ನೇ ಮರೆಯುತ್ತೇವೆ.

ಮೂತ್ರವನ್ನು ಚೀಲದಿಂದ ತೆಗೆಯಬೇಡಿ, ಕ್ಯಾತಿಟರ್ ಪೋರ್ಟಿನಿಂದ ತೆಗೆಯಿರಿ. ಕ್ಯಾತಿಟರ್ ಎರಡು ವಾರಕ್ಕಿಂತ ಹಳೆಯದಾಗಿದ್ದರೆ ಬದಲಾಯಿಸಿ ಹೊಸದರಿಂದ ತೆಗೆಯಿರಿ. ಕಫ ಟ್ಯೂಬಿನ ಒಳಗಿಂದ. ಭೇದಿ ಇದ್ದರೆ ಮಲವನ್ನು ಸಿ. ಡಿಫಿಸಿಲ್ (ಆಂಟಿಬಯೋಟಿಕ್ ಕೊಟ್ಟ ಮೇಲೆ ಭೇದಿ ತರುವ ರೋಗಾಣು) ಪರೀಕ್ಷೆಗೆ ಕಳಿಸಿ.

ಹಂತ 4: ಯಾವ ಔಷಧಿ?

ಪುಸ್ತಕದಲ್ಲಿರುವ ಪಟ್ಟಿ ಇಲ್ಲಿ ಅರ್ಧ ಉತ್ತರ ಮಾತ್ರ. ನಿಮ್ಮ ಐಸಿಯುನಲ್ಲಿ ಕಳೆದ ಆರು ತಿಂಗಳು ಯಾವ ರೋಗಾಣು ಬೆಳೆದಿದೆ, ಅದು ಯಾವ ಔಷಧಿಗೆ ಬಗ್ಗುತ್ತಿದೆ ಅನ್ನುವ ಆಂಟಿಬಯೋಗ್ರಾಂ ಲ್ಯಾಬಿನಲ್ಲಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಡ್ಯೂಟಿ ಟೇಬಲ್ಲಿನ ಗಾಜಿನ ಕೆಳಗಿಡಿ. ಆಮೇಲೆ ಈ ರೋಗಿಯ ಕಥೆ: ಕಳೆದ 90 ದಿನದಲ್ಲಿ ರಕ್ತನಾಳದ ಮೂಲಕ ಯಾವ ಆಂಟಿಬಯೋಟಿಕ್ ಹೋಗಿತ್ತು? ಹಿಂದಿನ ಕಲ್ಚರ್‌ನಲ್ಲಿ ಏನಿತ್ತು? ಈಗಾಗಲೇ ಒಂದು ಔಷಧಿ ಹೋಗುತ್ತಿರುವಾಗ ಹೊಸ ಸೋಂಕು ಬಂದಿದೆ ಅಂದರೆ ಆ ಗುಂಪಿನದನ್ನೇ ಮತ್ತೆ ನಂಬಬೇಡಿ.

ಐಸಿಯು ಸೋಂಕಿನಲ್ಲಿ ಮತ್ತೆ ಮತ್ತೆ ಎದುರಾಗುವವು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್, ಇ. ಕೊಲಿ, ಎಂಆರ್‌ಎಸ್‌ಎ (ಮಾಮೂಲಿ ಔಷಧಿಗೆ ಬಗ್ಗದ ಸ್ಟೆಫಿಲೊಕಾಕಸ್ ಆರಿಯಸ್), ಲೈನ್ ಸೋಂಕಿನಲ್ಲಿ ಕ್ಯಾಂಡಿಡಾ ಶಿಲೀಂಧ್ರ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೊಲಿ, ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ ಸಿಕ್ಕಾಗ ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಸಾಲದು. 2018ರ ಮೆರಿನೊ ಅಧ್ಯಯನದಲ್ಲಿ 30 ದಿನದೊಳಗಿನ ಸಾವು ಆ ಔಷಧಿಯಲ್ಲಿ 12.3%, ಮೆರೊಪೆನೆಮ್‌ನಲ್ಲಿ 3.7%. ಮೆರೊಪೆನೆಮ್‌ಗೂ ಬಗ್ಗದವು ಇದ್ದರೆ ಔಷಧಿಯನ್ನು ಒಡೆಯುತ್ತಿರುವುದು ಯಾವ ಕಿಣ್ವ ಅಂತ ಲ್ಯಾಬಿಗೆ ಕೇಳಿ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಕೆಪಿಸಿ ಮತ್ತು ಆಕ್ಸಾ-48 ಕಿಣ್ವಗಳಿಗೆ ಕೆಲಸ ಮಾಡುತ್ತದೆ. ಎನ್‌ಡಿಎಂ ಇದ್ದರೆ ಒಂಟಿಯಾಗಿ ಸೋಲುತ್ತದೆ, ಜೊತೆಗೆ ಅಜ್ಟ್ರಿಯೋನಾಮ್ ಬೇಕು.

ಜಾಗಕ್ಕೆ ತಕ್ಕ ಔಷಧಿಯೂ ಮುಖ್ಯ. ಡಾಪ್ಟೊಮೈಸಿನ್ ಎಂಆರ್‌ಎಸ್‌ಎಗೆ ಒಳ್ಳೆಯದೇ, ಆದರೆ ಶ್ವಾಸಕೋಶದಲ್ಲಿರುವ ಸರ್ಫ್ಯಾಕ್ಟಂಟ್ ಅದನ್ನು ನಿಷ್ಫಲ ಮಾಡಿಬಿಡುತ್ತದೆ. ನ್ಯುಮೋನಿಯಾಕ್ಕೆ ಬೇಡ. ಟೈಗೆಸೈಕ್ಲಿನ್ ರಕ್ತದಲ್ಲಿ ನಿಲ್ಲುವುದೇ ಇಲ್ಲ, ರಕ್ತದ ಸೋಂಕಿಗೆ ಅದನ್ನು ನಂಬಬೇಡಿ. ಸಿ. ಡಿಫಿಸಿಲ್ ಭೇದಿಗೆ ವ್ಯಾಂಕೊಮೈಸಿನ್ ಬಾಯಿಂದಲೋ ಟ್ಯೂಬಿನಿಂದಲೋ ಕೊಡಬೇಕು. ರಕ್ತನಾಳಕ್ಕೆ ಕೊಟ್ಟರೆ ಕರುಳಿಗೆ ತಲುಪುವುದಿಲ್ಲ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಮೆರೊಪೆನೆಮ್ ಅದರ ಮಟ್ಟವನ್ನು ಪಾತಾಳಕ್ಕಿಳಿಸುತ್ತದೆ. ಬೇರೆ ಫಿಟ್ಸ್ ಔಷಧಿ ಸೇರಿಸಿ.

ಕಫದಲ್ಲಿ ಕ್ಯಾಂಡಿಡಾ ಬಂತು ಅಂತ ಓಡಬೇಡಿ, ಹೆಚ್ಚಾಗಿ ಅದು ಬಾಯಿಯಲ್ಲಿರುವುದೇ. ಕ್ಯಾತಿಟರ್ ಇರುವವರ ಮೂತ್ರದಲ್ಲಿ ರೋಗಾಣು ಸಿಕ್ಕರೂ ಅಷ್ಟೆ. ರೋಗಿಗೆ ಅದರಿಂದ ತೊಂದರೆ ಇಲ್ಲದಿದ್ದರೆ ಅದು ಕಾಯಿಲೆಯಲ್ಲ, ಬರೀ ಲ್ಯಾಬ್ ರಿಪೋರ್ಟು.

ಹಂತ 5: ಮೊದಲ ಡೋಸ್ ಪೂರ್ತಿ ಕೊಡಿ

ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ಅಂಶ) ಜಾಸ್ತಿಯಿದೆ ಅಂತ ಮೊದಲ ಡೋಸನ್ನೇ ಅರ್ಧ ಮಾಡುವುದು ನಾನು ಪದೇ ಪದೇ ನೋಡುವ ತಪ್ಪು. ಕಿಡ್ನಿಯ ಕೆಲಸ ಔಷಧಿಯನ್ನು ಹೊರಹಾಕುವುದು. ಮೊದಲ ಡೋಸಿನ ಹೊತ್ತಿಗೆ ಹೊರಹಾಕಲು ಒಳಗೆ ಏನಿದೆ? ಏನೂ ಇಲ್ಲ. ಮೇಲಾಗಿ ಸೆಪ್ಸಿಸ್‌ನಲ್ಲಿ ರಕ್ತನಾಳ ಸೋರಿ, ನಾವು ಕೊಟ್ಟ ಸಲೈನ್ ಎಲ್ಲ ಮೈಯಲ್ಲಿ ತುಂಬಿರುತ್ತದೆ. ದೊಡ್ಡ ಪಾತ್ರೆಗೆ ಅದೇ ಒಂದು ಚಮಚ ಸಕ್ಕರೆ ಹಾಕಿದ ಹಾಗೆ, ಔಷಧಿ ತೆಳುವಾಗುತ್ತದೆ. ಮೊದಲ ಡೋಸ್ ಯಾವಾಗಲೂ ಪೂರ್ತಿ. ಕಿಡ್ನಿ ಲೆಕ್ಕ ಎರಡನೇ ಡೋಸಿನಿಂದ.

ವ್ಯಾಂಕೊಮೈಸಿನ್ ಆದರೆ ಕೆಜಿಗೆ 25ರಿಂದ 30 ಮಿಗ್ರಾಂ ಮೊದಲ ಡೋಸ್. ಎಲ್ಲರಿಗೂ ಕಣ್ಣುಮುಚ್ಚಿ 1 ಗ್ರಾಂ ಬರೆಯುವುದು 80 ಕೆಜಿಯ ರೋಗಿಗೆ ಅರ್ಧ ಡೋಸ್. ಕೊಲಿಸ್ಟಿನ್ 90 ಲಕ್ಷ ಯೂನಿಟ್ ಲೋಡಿಂಗ್, ಅಂದರೆ ಮೊದಲ ದೊಡ್ಡ ಡೋಸ್. ಅದಿಲ್ಲದಿದ್ದರೆ ಔಷಧಿ ಸರಿಯಾದ ಮಟ್ಟಕ್ಕೆ ಏರಲು ದಿನಗಳೇ ಬೇಕು. ಇದಕ್ಕೆ ಉಲ್ಟಾ ಇನ್ನೊಂದು ಗುಂಪಿದೆ: ಅಪಘಾತದಲ್ಲಿ ಪೆಟ್ಟು ತಿಂದ ಗಟ್ಟಿಮುಟ್ಟಾದ ಯುವಕರು. ಅವರ ಕಿಡ್ನಿ ಮಾಮೂಲಿಗಿಂತ ಜೋರಾಗಿ ಕೆಲಸ ಮಾಡಿ ಔಷಧಿಯನ್ನು ಬೇಗ ಹೊರಗೆ ತಳ್ಳುತ್ತದೆ. ಕ್ರಿಯಾಟಿನಿನ್ 0.5 ಇದೆ ಅಂತ ಖುಷಿಪಡುವ ಬದಲು ಡೋಸ್ ಸಾಕಾಗುತ್ತಿದೆಯಾ ಅಂತ ಕೇಳಿ.

ಹಂತ 6: ಪೆನ್ನಿನಿಂದ ರಕ್ತದವರೆಗೆ

ನಾನು ಕಳೆದುಕೊಂಡ ಆ ಮೂರೂವರೆ ಗಂಟೆ ಇದ್ದದ್ದು ಈ ಹಂತದಲ್ಲಿ.

ಔಷಧಿ ಬರೆಯುವಾಗ 'ಸ್ಟ್ಯಾಟ್' (ತಕ್ಷಣ) ಅಂತ ಬರೆದು ಸುಮ್ಮನಾಗಬೇಡಿ. ಸಿಸ್ಟರ್ ಮುಖ ನೋಡಿ ಬಾಯಲ್ಲಿ ಹೇಳಿ: 'ಸಿಸ್ಟರ್, ಬೆಡ್ 6ಕ್ಕೆ ಮೆರೊಪೆನೆಮ್ 1 ಗ್ರಾಂ, ಈಗಲೇ, 2.30ರೊಳಗೆ ಹೋಗಿರಬೇಕು.' ಗಡುವು ಹೇಳದ ಸ್ಟ್ಯಾಟ್ ಔಷಧಿ ಆರು ಗಂಟೆಯ ಮಾಮೂಲಿ ಡೋಸ್‌ಗಳ ಜೊತೆ ಸೇರಿಬಿಡುತ್ತದೆ. ಹೊಸ ಆರ್ಡರ್ ಹಾಕಿದಾಗ ಕಂಪ್ಯೂಟರ್ ತಾನಾಗಿ ಮುಂದಿನ ರೌಂಡಿನ ಹೊತ್ತು ತೋರಿಸಿದರೆ ಅದನ್ನು ತಿದ್ದಿ.

ವಾರ್ಡಿನ ಕಪಾಟಿನಲ್ಲಿ ನಿಮ್ಮ ಐಸಿಯು ಮೊದಲಿಗೆ ಬಳಸುವ ಎರಡು ಮೂರು ಔಷಧಿಗಳ ಒಂದೊಂದು ಡೋಸ್ ಯಾವಾಗಲೂ ಇರಬೇಕು. ಬಳಸಿದ ಮೇಲೆ ಇಂಡೆಂಟ್, ಸಹಿ, ಲೆಕ್ಕ. ದುಬಾರಿ ಔಷಧಿಗೆ ಅನುಮತಿ ಕೇಳುವ ಪದ್ಧತಿ ಇರಲಿ, ನಾನು ಅದರ ಪರ. ಆದರೆ ಅನುಮತಿ ಎರಡನೇ ಡೋಸಿಗೆ ಬೇಕು, ಮೊದಲನೆಯದಕ್ಕಲ್ಲ. ಇದನ್ನು ಒಂದು ಮೀಟಿಂಗಿನಲ್ಲಿ ಒಪ್ಪಿಸಿಕೊಂಡರೆ ನೂರು ರಾತ್ರಿಯ ಫೋನ್ ಕಾಲ್ ಉಳಿಯುತ್ತದೆ.

ಎರಡು ಔಷಧಿ ಇದ್ದಾಗ ಯಾವುದು ಮೊದಲು? ಬೀಟಾ-ಲ್ಯಾಕ್ಟಮ್, ಅಂದರೆ ಪೆನಿಸಿಲಿನ್ ಕುಟುಂಬದ್ದು. ಮೆರೊಪೆನೆಮ್, ಸೆಫ್ಟಾಜಿಡಿಮ್‌ನಂಥವನ್ನು ಸಿರಿಂಜಿನಲ್ಲಿ 3ರಿಂದ 5 ನಿಮಿಷದಲ್ಲಿ ಕೊಡಬಹುದು. ವ್ಯಾಂಕೊಮೈಸಿನ್ 1 ಗ್ರಾಂಗೆ ಕನಿಷ್ಠ ಒಂದು ಗಂಟೆ ಬೇಕು, ಬೇಗ ಬಿಟ್ಟರೆ ಮೈ ಕೆಂಪಾಗಿ ಬಿಪಿ ಬೀಳುತ್ತದೆ. ಅದನ್ನು ಮೊದಲು ಹಾಕಿ ಕೂತರೆ ಮುಖ್ಯ ಔಷಧಿ ಸಾಲಿನಲ್ಲಿ ನಿಂತಿರುತ್ತದೆ. ಲೈನ್ ಖಾಲಿ ಇಲ್ಲ ಅಂದರೆ ಇನ್ನೊಂದು ಕ್ಯಾನುಲಾ ಹಾಕಿ. ಸೆಂಟ್ರಲ್ ಲೈನಿಗಾಗಿ ಕಾಯುವ ಅಗತ್ಯವಿಲ್ಲ. ಯಾವ ನರವೂ ಸಿಗದಿದ್ದರೆ ಮೂಳೆಯೊಳಗಿನ ಸೂಜಿ ಇದೆ.

ಮೊದಲ ಡೋಸ್ ಬೇಗ, ಮುಂದಿನವು ನಿಧಾನ. ಮೆರೊಪೆನೆಮ್‌ನ ಮುಂದಿನ ಡೋಸ್‌ಗಳನ್ನು ಪಂಪಿನಲ್ಲಿ 3 ಗಂಟೆ ಬಿಟ್ಟರೆ ರೋಗಾಣುವಿನ ಮೇಲೆ ಹಿಡಿತ ಜಾಸ್ತಿ ಹೊತ್ತು ಉಳಿಯುತ್ತದೆ. ಒಂದೇ ಚೀಲದಲ್ಲಿ ಇಡೀ ದಿನಕ್ಕೆ ಕಲಸಿಡಬೇಡಿ, ಕೋಣೆಯ ಬಿಸಿಗೆ ಅದು ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಸಣ್ಣ ಸಂಗತಿ. ಡ್ರಿಪ್ ಸೆಟ್ಟಿನ ಕೊಳವೆಯಲ್ಲಿ 15ರಿಂದ 20 ಎಂಎಲ್ ಉಳಿಯುತ್ತದೆ. 100 ಎಂಎಲ್ ಬಾಟಲಿ ಮುಗಿದ ತಕ್ಷಣ ಸೆಟ್ ಕಿತ್ತು ಎಸೆದರೆ ಡೋಸಿನ ಐದನೇ ಒಂದು ಭಾಗ ಕಸದ ಬುಟ್ಟಿಗೆ. ಹಿಂದೆ ಸಲೈನ್ ಬಿಟ್ಟು ತಳ್ಳಿ.

ಎರಡನೇ ಡೋಸ್ ತಪ್ಪುವುದು ಹೆಚ್ಚಾಗಿ ಬೇರೆ ವಾರ್ಡಿನಿಂದ ಐಸಿಯುಗೆ ಬಂದ ರಾತ್ರಿ. ಮೊದಲನೆಯದನ್ನು ಅಲ್ಲಿ ಕೊಟ್ಟಿರುತ್ತಾರೆ, ಇಲ್ಲಿ ಹೊಸ ಚಾರ್ಟ್. ಎಂಟು ಗಂಟೆಗೊಮ್ಮೆ ಕೊಡುವ ಔಷಧಿಗೆ ಮಧ್ಯೆ ಹದಿನಾಲ್ಕು ಗಂಟೆ ಬಿದ್ದಿರುತ್ತದೆ. ಮೊದಲ ಡೋಸ್ ಕೊಟ್ಟವರೇ ಮುಂದಿನ ಡೋಸಿನ ಗಂಟೆಯನ್ನೂ ಬರೆಯುವುದು ಇದಕ್ಕೆ ಮದ್ದು.

ಹಂತ 7: ಮೂಲವನ್ನು ಕೀಳಿ

ಸೋಂಕು ಹತ್ತಿದ ಲೈನನ್ನು ಬಿಟ್ಟು ಔಷಧಿ ಸುರಿದರೆ ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ಶಾಕ್ ಇದ್ದು ಲೈನ್ ಮೇಲೆ ಅನುಮಾನವಿದ್ದರೆ ಬೇರೆ ಲೈನ್ ಹಾಕಿ, ಅದನ್ನು ತೆಗೆಯಿರಿ. ಕೀವು ಇದ್ದರೆ, ಕರುಳು ಸೋರಿದ್ದರೆ ಸರ್ಜನ್ನರನ್ನು ಈಗಲೇ ಕರೆಯಿರಿ, ಬೆಳಗಾಗಲಿ ಅನ್ನಬೇಡಿ.

ಹಂತ 8: 48 ಗಂಟೆಗೆ ಮತ್ತೆ ಕೂತು ಯೋಚಿಸಿ

ಶುರು ಮಾಡುವಾಗ ಇದ್ದ ಅವಸರ ನಿಲ್ಲಿಸುವಾಗ ಯಾರಿಗೂ ಇರುವುದಿಲ್ಲ. 48ರಿಂದ 72 ಗಂಟೆಯ ಹೊತ್ತಿಗೆ ಕಲ್ಚರ್ ಬಂದಿರುತ್ತದೆ. ಒಂದು ಔಷಧಿ ಸಾಕು ಅಂದರೆ ಇನ್ನೊಂದನ್ನು ನಿಲ್ಲಿಸಿ. ಕೆಲವೇ ರೋಗಾಣುಗಳನ್ನು ಕೊಲ್ಲುವ ಚಿಕ್ಕ ಔಷಧಿ ಸಾಕು ಅಂದರೆ ಅದಕ್ಕೆ ಬದಲಾಯಿಸಿ. ಮೂಗಿನ ಎಂಆರ್‌ಎಸ್‌ಎ ಪಿಸಿಆರ್ ನೆಗೆಟಿವ್ ಇದ್ದರೆ ನ್ಯುಮೋನಿಯಾಕ್ಕೆ ಅಂತ ಹಾಕಿದ ವ್ಯಾಂಕೊಮೈಸಿನ್ ನಿಲ್ಲಿಸಲು ಧೈರ್ಯ ಬರುತ್ತದೆ. ಜ್ವರಕ್ಕೆ ಬೇರೆ ಕಾರಣ ಸಿಕ್ಕಿದ್ದರೆ ಎಲ್ಲವನ್ನೂ ನಿಲ್ಲಿಸಿ. 'ಕೋರ್ಸ್ ಮುಗಿಸಬೇಕಲ್ವಾ' ಅನ್ನುವವರು ಇರುತ್ತಾರೆ. ಇಲ್ಲದ ಸೋಂಕಿಗೆ ಕೋರ್ಸ್ ಎಲ್ಲಿಯದು?

ಎಷ್ಟು ದಿನ? ವಿಎಪಿಗೆ ಸಾಮಾನ್ಯವಾಗಿ 7 ದಿನ. ರಕ್ತದ ಸೋಂಕಿಗೆ ಹಿಂದೆ 14 ದಿನ ಕೊಡುತ್ತಿದ್ದೆವು. 2024ರಲ್ಲಿ ಬಂದ ಬ್ಯಾಲೆನ್ಸ್ ಅಧ್ಯಯನ 3,608 ರೋಗಿಗಳಲ್ಲಿ 7 ದಿನ ಮತ್ತು 14 ದಿನವನ್ನು ಹೋಲಿಸಿತು. 90 ದಿನದ ಸಾವು 14.5% ಮತ್ತು 16.1%, ಅಂದರೆ ಏಳು ದಿನ ಹಿಂದೆ ಬೀಳಲಿಲ್ಲ. ಸ್ಟೆಫಿಲೊಕಾಕಸ್ ಆರಿಯಸ್ ಈ ಲೆಕ್ಕಕ್ಕೆ ಸೇರಿಲ್ಲ. ಅದು ರಕ್ತದಲ್ಲಿ ಸಿಕ್ಕರೆ ಕನಿಷ್ಠ 14 ದಿನ, ಹೃದಯದ ಎಕೋ ಕೂಡ ಬೇಕು. ಕ್ಯಾಂಡಿಡಾ ಆದರೆ ಕಲ್ಚರ್ ನೆಗೆಟಿವ್ ಆದ ದಿನದಿಂದ 14. ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ಅಂಶ) ಪರೀಕ್ಷೆ ಔಷಧಿ ಶುರು ಮಾಡಲು ಬೇಡ. ನಿಲ್ಲಿಸಲು ಸಹಾಯಕ್ಕೆ ಬರುತ್ತದೆ. ಅತಿ ಹೆಚ್ಚಿದ್ದ ಮಟ್ಟದಿಂದ 80% ಇಳಿದರೆ ಅಥವಾ 0.5ಕ್ಕೆ ಬಂದು ರೋಗಿ ಚೇತರಿಸಿಕೊಳ್ಳುತ್ತಿದ್ದರೆ ನಿಲ್ಲಿಸಬಹುದು.

ಮನೆಯವರು ಹೊರಗೆ ಕಾಯುತ್ತಾ 'ಇನ್ನೂ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿ ಡಾಕ್ಟ್ರೇ' ಅನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಈ ರೋಗಾಣುವಿಗೆ ಇದೇ ಸರಿಯಾದ ಔಷಧಿ, ದೊಡ್ಡದನ್ನು ಕೊಟ್ಟರೆ ಕಿಡ್ನಿಗೂ ಕರುಳಿಗೂ ಪೆಟ್ಟು ಅಂತ ಎರಡು ನಿಮಿಷ ನಿಂತು ಹೇಳಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ನಾವು ಈಗ ಕೇಸ್ ಶೀಟಿನ ಮೇಲ್ತುದಿಯಲ್ಲಿ ದಿನವೂ ಒಂದು ಸಾಲು ಬರೆಯುತ್ತೇವೆ: 'ವಿಎಪಿ, ಕ್ಲೆಬ್ಸಿಯೆಲ್ಲಾ, ಮೆರೊಪೆನೆಮ್, ದಿನ 3/7, ಗುರುತಿಸಿದ್ದು 2.10, ಔಷಧಿ ಒಳಗೆ 2.34.' ರೌಂಡ್ಸ್‌ನಲ್ಲಿ ಅದನ್ನು ಜೋರಾಗಿ ಓದುವುದು ಸಿಸ್ಟರ್ ಕೆಲಸ. ಏಳನೇ ದಿನ ಅವರೇ ಕೇಳುತ್ತಾರೆ, 'ಇವತ್ತು ನಿಲ್ಲಿಸೋಣ್ವಾ ಡಾಕ್ಟ್ರೇ?'